ಐದನೇ ಗ್ರೇಡಿನ ಮಗಳಿಗೆ ಜೇಮ್ಸ್‌ಟೌನ್ ಹೇಗೆ ಹೇಳಿಕೊಡಲಿ?

ಸಿಯಾಟಲ್‌ನಿಂದ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಶುಕ್ರವಾರ ಸೋಷಿಯಲ್ ಸ್ಟಡೀಸ್ ಟೆಸ್ಟ್, ಅಮೆರಿಕದಲ್ಲಿ ಇಂಗ್ಲಿಷರ ಮೊದಲ ಕಾಯಂ ವಸಾಹತು ಜೇಮ್ಸ್‌ಟೌನ್ ಬಗ್ಗೆ. ಚಾರ್ಟರ್, ಜಾಯಿಂಟ್ ಸ್ಟಾಕ್ ಕಂಪನಿ, ಇಂಡೆಂಚರ್ಡ್ ಸರ್ವೆಂಟ್, ಹೆಡ್‌ರೈಟ್, ಎಲ್ಲಾ ಕಾರ್ಡಿನಲ್ಲಿ ಬರೆದುಕೊಂಡು ಉರು ಹೊಡೆದಿದ್ದಾಳೆ. ನಿನ್ನೆ "ಅಮ್ಮಾ, ದುಡ್ಡಿಲ್ಲದವರು ಹಡಗು ಹತ್ತಿದ್ದು ಹೇಗೆ?" ಅಂತ ಕೇಳಿದಳು. ನನಗೆ ಗೊತ್ತಿಲ್ಲ. ನಾವು ಓದಿದ್ದು ಪ್ಲಾಸಿ ಕದನ, ಟಿಪ್ಪು. ಇಲ್ಲಿಯ ಚರಿತ್ರೆ ಗೊತ್ತಿಲ್ಲದೆ ಮಗುವಿಗೆ ಹೇಗೆ ಹೇಳಿಕೊಡಲಿ?

ರಿಚ್ಮಂಡ್‌ನಿಂದ:
ಅಕ್ಕಾ, ಬಿಡಿಬಿಡಿಯಾಗಿ ಬೇಡ. ಜೇಮ್ಸ್‌ಟೌನ್ ಒಂದನ್ನೇ ಕಥೆ ಮಾಡಿ ಹೇಳಿ. 1606ರಲ್ಲಿ ರಾಜ ಜೇಮ್ಸ್ ವರ್ಜೀನಿಯಾ ಕಂಪನಿಗೆ ಅಪ್ಪಣೆ ಪತ್ರ ಕೊಟ್ಟ. ಅದೇ ಚಾರ್ಟರ್. ಒಬ್ಬರ ಕೈಲಿ ಆಗದ ಖರ್ಚು, ಹಾಗಾಗಿ ಹಲವರು ಷೇರು ಕೊಂಡು ದುಡ್ಡು ಹಾಕಿದರು. ಅದೇ ಜಾಯಿಂಟ್ ಸ್ಟಾಕ್ ಕಂಪನಿ. 1607ರ ಮೇ ತಿಂಗಳಲ್ಲಿ ನೂರು ಚಿಲ್ಲರೆ ಗಂಡಸರು, ಹುಡುಗರು ಬಂದಿಳಿದರು. ಚಿನ್ನ ಸಿಗಲಿಲ್ಲ. 1609-10ರ ಚಳಿಗಾಲದಲ್ಲಿ ಕುದುರೆ, ನಾಯಿ, ಇಲಿ ಕೂಡ ತಿಂದರು. ಬಹುಪಾಲು ಜನ ಸತ್ತರು. ಆಮೇಲೆ ಜಾನ್ ರಾಲ್ಫ್ ಬೆಳೆದ ಹೊಗೆಸೊಪ್ಪು ಕೈ ಹಿಡಿಯಿತು. ಅದಕ್ಕೆ ಆಳು ಜಾಸ್ತಿ ಬೇಕು. ಬಡವನ ಹಡಗಿನ ಖರ್ಚನ್ನು ಇನ್ನೊಬ್ಬ ಕೊಡುತ್ತಿದ್ದ. ಬಡವ ನಾಲ್ಕರಿಂದ ಏಳು ವರ್ಷ ಸಂಬಳವಿಲ್ಲದೆ ದುಡಿದು ತೀರಿಸಬೇಕಿತ್ತು. ಅವನೇ ಇಂಡೆಂಚರ್ಡ್ ಸರ್ವೆಂಟ್. ಮಗಳಿಗೆ ಇದನ್ನೇ ಹೇಳಿ.

ಡಲ್ಲಾಸ್‌ನಿಂದ:
ಇದನ್ನೆಲ್ಲ ಸ್ಕೂಲಿನವರು ನೋಡಿಕೊಳ್ಳುತ್ತಾರಮ್ಮ. ಮನೆಯಲ್ಲಿ ನಮ್ಮ ಚರಿತ್ರೆ ಹೇಳಿ. 1492ರಲ್ಲಿ ಕೊಲಂಬಸ್ ಹೊರಟಿದ್ದೇ ಏಷ್ಯಾಕ್ಕೆ ದಾರಿ ಹುಡುಕಿಕೊಂಡು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ತಲುಪಿದ. ಆ ಪೋರ್ಚುಗೀಸರ ಎದುರು ಉಳ್ಳಾಲದ ರಾಣಿ ಅಬ್ಬಕ್ಕ ನಿಂತು ಹೋರಾಡಿದಳು. ನನ್ನ ಮಗನಿಗೆ ಇಂಗ್ಲಿಷ್ ವಲಸಿಗರು ಅಮೆರಿಕಕ್ಕೆ ಬಂದ ಮೇಫ್ಲವರ್ ಹಡಗು ಗೊತ್ತು, ಅಬ್ಬಕ್ಕ ಗೊತ್ತಿಲ್ಲ. ಈಗ ಕಾಲೇಜಿಗೆ ಹೋಗಿದ್ದಾನೆ, ಹೇಳೋಣ ಅಂದರೆ ಫೋನಿಗೂ ಸಿಗುವುದಿಲ್ಲ. ಆ ಸಂಕಟ ನಿಮಗೆ ಬೇಡ.

ಫ್ರೀಮಾಂಟ್‌ನಿಂದ:
ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಮೊದಲು ಕನ್ನಡ ಶಾಲೆಗೆ ಸೇರಿಸಿ. ನಮ್ಮ ಇಬ್ಬರೂ ಮಕ್ಕಳು ಈಗ ಅಜ್ಜಿಗೆ ಕನ್ನಡದಲ್ಲೇ ಕಾಗದ ಬರೆಯುತ್ತಾರೆ.

ಎಡಿಸನ್‌ನಿಂದ:
ಯಾಕೆ ಜಗಳ? ಎರಡೂ ಕಥೆ ಅಡುಗೆಮನೆಯಲ್ಲೇ ಸೇರುತ್ತವೆ ಅಲ್ವಾ. ಒಗ್ಗರಣೆಗೆ ಹಾಕುವ ಮೆಣಸಿನಕಾಯಿ, ಸಾರಿನ ಟೊಮೆಟೊ, ಪಲ್ಯದ ಆಲೂಗಡ್ಡೆ, ಕಡಲೆಕಾಯಿ, ಎಲ್ಲದರ ತವರು ಅಮೆರಿಕ ಖಂಡಗಳೇ. ಮೆಣಸಿನಕಾಯಿಯನ್ನು ನಮ್ಮ ಕಡೆಗೆ ತಂದವರು ಪೋರ್ಚುಗೀಸರು. ಯುರೋಪಿನಿಂದ ಅಮೆರಿಕಕ್ಕೆ ಕುದುರೆ, ಗೋಧಿ ಹೋದವು, ಸಿಡುಬೂ ಹೋಯಿತು. ಆ ರೋಗಕ್ಕೆ ಅಲ್ಲಿಯ ಮೂಲನಿವಾಸಿಗಳು ಊರೂರೇ ಸತ್ತರು. ಕೊಲಂಬಿಯನ್ ಎಕ್ಸ್‌ಚೇಂಜ್ ಅನ್ನುವುದು ಇದಕ್ಕೇ.

ಡಲ್ಲಾಸ್‌ನಿಂದ:
ಮೆಣಸಿನಕಾಯಿ ಬರುವ ಮೊದಲೂ ನಮ್ಮವರು ಕಾಳುಮೆಣಸು ಹಾಕಿ ಖಾರವಾಗಿಯೇ ಉಣ್ಣುತ್ತಿದ್ದರು. ಅದನ್ನು ಯಾವ ಸ್ಕೂಲಿನಲ್ಲಿ ಹೇಳುತ್ತಾರೆ? ನಾವೇ ಹೇಳಬೇಕು.

ಸಿಯಾಟಲ್‌ನಿಂದ:
ಎಲ್ಲರಿಗೂ ಥ್ಯಾಂಕ್ಸ್. ಹೆಡ್‌ರೈಟ್, ಅಂದರೆ ಹೊಸದಾಗಿ ಬಂದ ಪ್ರತಿ ತಲೆಗೆ 50 ಎಕರೆ ಜಮೀನು, ಸಿಗುತ್ತಿದ್ದುದು ಆಳಿಗೋ, ಖರ್ಚು ಕೊಟ್ಟವನಿಗೋ?

ರಿಚ್ಮಂಡ್‌ನಿಂದ:
ಕೊಟ್ಟವನಿಗೆ, ಅಕ್ಕಾ. 1618ರ ನಿಯಮ. ಹತ್ತು ಜನರನ್ನು ಕರೆಸಿದವನಿಗೆ 500 ಎಕರೆ. ದೊಡ್ಡ ಜಮೀನುದಾರರು ಬೆಳೆದದ್ದು ಹೀಗೆ. ಆ ನೆಲ ಅಲ್ಲಿಯ ಮೂಲನಿವಾಸಿಗಳಾದ ಪೌಹಟನ್ ಜನರದ್ದು. 1619ರಲ್ಲಿ ವರ್ಜೀನಿಯಾದ ಪಾಯಿಂಟ್ ಕಂಫರ್ಟ್‌ಗೆ ಆಫ್ರಿಕನ್ನರನ್ನು ತಂದು ಮಾರಿದರು, ಅದನ್ನೂ ಬಿಡದೆ ಹೇಳಿ. ಆ ವಯಸ್ಸಿನ ಮಕ್ಕಳಿಗೆ ಖಂಡಿತ ಅರ್ಥವಾಗುತ್ತದೆ.

ಫ್ರೀಮಾಂಟ್‌ನಿಂದ:
ರಾಜ್ಯೋತ್ಸವಕ್ಕೆ ಮಕ್ಕಳಿಂದ ಅಬ್ಬಕ್ಕನ ನಾಟಕ ಮಾಡಿಸೋಣ. ಯಾರ್ಯಾರು ಬರ್ತೀರಿ, ಹೆಸರು ಹಾಕಿ.