ಅಪ್‌ಡೇಟ್: ವಾಲ್ವ್ ಆಂಪ್ಲಿಫೈಯರಿನ ಹೀಟರ್ ವೋಲ್ಟೇಜ್ ಹತೋಟಿಗೆ ಬಂತು

ಬದಿಯಡ್ಕದ ನಮ್ಮ ಮನೆಯ ಹಳೆಯ ಆಂಪ್ಲಿಫೈಯರಿನಲ್ಲಿ 6.3 ವೋಲ್ಟ್ ಇರಬೇಕಾದ ಹೀಟರ್ (ವಾಲ್ವನ್ನು ಒಳಗಿನಿಂದ ಬಿಸಿ ಮಾಡುವ ತಂತಿ) 7 ತೋರಿಸುತ್ತಿದೆ, ವಾಲ್ವುಗಳಿಗೆ ಅಪಾಯವೇ ಎಂದು ಕೇಳಿದ್ದೆ. ವಾಲ್ವುಗಳನ್ನು ಕೂರಿಸಿಯೇ ಅಳೆಯಿರಿ, ಗೋಡೆಯ ಪ್ಲಗ್ಗಿನ ವೋಲ್ಟೇಜನ್ನೂ ನೋಡಿ ಎಂದು ಹಿರಿಯರೊಬ್ಬರು ಹೇಳಿದ್ದರು. ಸಮಸ್ಯೆಯ ಬುಡ ಸಿಕ್ಕಿದ್ದು ಅಲ್ಲಿಯೇ.

ಸ್ವಿಚ್ ಆರಿಸಿ, ಸ್ಪೀಕರನ್ನು ನಡೆಸುವ ಇಎಲ್84 ವಾಲ್ವಿನ ಸಾಕೆಟ್ಟಿನಲ್ಲಿ ಹೀಟರಿನ 4 ಮತ್ತು 5ನೇ ಪಿನ್ನುಗಳಿಗೆ ಮೀಟರಿನ ಕ್ಲಿಪ್ ಸಿಕ್ಕಿಸಿ, ಮೀಟರನ್ನು ಎಸಿಗೆ ಇಟ್ಟು, ಆಮೇಲೆ ಸ್ವಿಚ್ ಹಾಕಿದೆ. ಅದೇ ಸಾಕೆಟ್ಟಿನ 7ನೇ ಪಿನ್ನಿನಲ್ಲಿ 300 ವೋಲ್ಟಿನ ಆಸುಪಾಸು ಡಿಸಿ ಇರುತ್ತದೆ. ಚಾಲೂ ಇರುವಾಗ ಒಳಗೆ ಕೈ ಹಾಕುವ ಮಾತೇ ಬೇಡ. ಆರಿಸಿದ ಮೇಲೂ ಕರೆಂಟು ಹಿಡಿದಿಟ್ಟುಕೊಳ್ಳುವ ಕೆಪಾಸಿಟರುಗಳು ಖಾಲಿಯಾಗಿವೆಯೇ ಎಂದು ನೋಡಲೇಬೇಕು.

ರಾತ್ರಿ ಪ್ಲಗ್ಗಿನಲ್ಲಿ 244, ಹೀಟರಿನಲ್ಲಿ 7.0. ಟ್ರಾನ್ಸ್‌ಫಾರ್ಮರ್ 220 ವೋಲ್ಟಿಗೆ ಸುತ್ತಿದ್ದು, 240 ವೋಲ್ಟಿಗೆ ಬದಲಿಸಿಕೊಳ್ಳುವ ಟ್ಯಾಪ್ (ಬೇರೆ ತುದಿ) ಇಲ್ಲ. 220ಕ್ಕೆ 6.3 ಆದರೆ 244ಕ್ಕೆ ಸುಮಾರು 7 ಎಂಬ ಲೆಕ್ಕ ಸರಿಯಾಗಿ ತಾಳೆಯಾಯಿತು, ಅಂದರೆ ವಾಲ್ವುಗಳದ್ದೇನೂ ತಪ್ಪಿಲ್ಲ.

ಎರಡು ಇಎಲ್84, ಎರಡು ಇಸಿಸಿ83, ಹೀಗೆ ನಾಲ್ಕು ವಾಲ್ವುಗಳ ಹೀಟರುಗಳು ಸೇರಿ ಎಳೆಯುವುದು ಸುಮಾರು 2.1 ಆಂಪಿಯರ್. ಹೆಚ್ಚಿನ ವೋಲ್ಟೇಜ್ ಇಳಿಸಲು ಹೀಟರಿನ ಎರಡೂ ತಂತಿಗಳಿಗೆ 0.15 ಓಮಿನ, 5 ವಾಟಿನ ಒಂದೊಂದು ರೆಸಿಸ್ಟರ್ ಸೇರಿಸಿದೆ. ಎರಡೂ ಕಡೆ ಸಮನಾಗಿ ಹಾಕಿದರೆ ಸಮತೋಲ ಕೆಡುವುದಿಲ್ಲ, ಗುಂಯ್‌ಗುಡುವಿಕೆ ಹೆಚ್ಚುವುದಿಲ್ಲ. ಈಗ ರಾತ್ರಿ 6.35 ಇದೆ. ಹಗಲು ಕರೆಂಟು 232ಕ್ಕೆ ಇಳಿದಾಗ 6.0 ಬರುತ್ತದೆ; 6.3ರಿಂದ ಆಚೀಚೆ ಶೇಕಡಾ 10ರ ಮಿತಿಯೊಳಗೇ ಇರುವುದರಿಂದ ನನಗೆ ಸಮಾಧಾನವಿದೆ. ಅಪ್ಪ ಕಾಪಾಡಿಕೊಂಡು ಬಂದ ತಾಳಮದ್ದಳೆಯ ಕ್ಯಾಸೆಟ್ಟುಗಳನ್ನು ಇನ್ನು ನಿಶ್ಚಿಂತೆಯಿಂದ ಕೇಳಬಹುದು. ದಾರಿ ತೋರಿಸಿದ ಎಲ್ಲರಿಗೂ ಕೃತಜ್ಞ.