ಪದಚರ್ಚೆ: ಮೇಪಲ್ ಸಿರಪ್‌ಗೆ ‘ಜೋನಿ’ ಅನ್ನಬಹುದೇ? ಮರದಿಂದ ಇಳಿಯುವುದು ರಸವೋ, ಸೊನೆಯೋ, ನೀರೋ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನಿರುವುದು ಅಮೆರಿಕದ ವರ್ಮಾಂಟ್‌ನಲ್ಲಿ. ಮನೆ ಹಿಂದೆ ಎರಡು ದೊಡ್ಡ ಸಕ್ಕರೆ ಮೇಪಲ್ ಮರಗಳಿವೆ. ಆರು ವರ್ಷದಿಂದ ಪ್ರತಿ ಮಾರ್ಚಿನಲ್ಲಿ ಅವುಗಳಿಂದ ಇಳಿಯುವುದನ್ನು ಮಂದವಾಗುವ ತನಕ ಕಾಯಿಸಿ ಮನೆಮಟ್ಟಿಗೆ ಸಿರಪ್ ಮಾಡಿಕೊಳ್ಳುತ್ತೇವೆ. ಈ ಸಲ ನಮ್ಮ ಭಾನುವಾರದ ಕನ್ನಡ ತರಗತಿಯ ಮಕ್ಕಳು ನೋಡಲು ಬರುತ್ತಾರೆ. ಅವರಿಗೆ ಎಲ್ಲವನ್ನೂ ಕನ್ನಡದಲ್ಲೇ ಹೇಳಬೇಕು ಅಂತ ನನಗೆ ತುಂಬಾ ಆಸೆ. ಆದರೆ ಬರೆಯಲು ಕೂತರೆ ಮೊದಲ ಸಾಲಿಗೇ ಪದ ಸಿಗಲಿಲ್ಲ.

ಕೆಲಸ ಹೀಗಿರುತ್ತದೆ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಅದು ಕರಗುವಷ್ಟು ಬಿಸಿಲು, ಎರಡೂ ಇರುವ ಕೆಲವೇ ವಾರ ಇದು ನಡೆಯುವುದು. ರಾತ್ರಿ ಮರ ಬೇರಿನಿಂದ ನೀರು ಎಳೆದುಕೊಳ್ಳುತ್ತದೆ. ಹಗಲು ಒಳಗಿನ ಮಂಜು ಕರಗಿ ಕಾಂಡದಲ್ಲಿ ಒತ್ತಡ ಏರುತ್ತದೆ. ಸೊಂಟದೆತ್ತರದಲ್ಲಿ ಸುಮಾರು 8 ಮಿಲಿಮೀಟರ್ ಅಗಲದ, ಎರಡು ಇಂಚು ಆಳ ಮೀರದ ತೂತು ಕೊರೆದು, ನಳಿಕೆ ಸಿಕ್ಕಿಸಿ, ಬಕೆಟ್ ತೂಗು ಹಾಕುತ್ತೇವೆ. ಖಾಲಿ ತಗಡಿನ ಮೇಲೆ ಮೊದಲ ಹನಿಗಳು ಟಣ್ ಟಣ್ ಅನ್ನುತ್ತವೆ. ಅರ್ಧ ಗಂಟೆ ಬಿಟ್ಟು ಹೋದರೆ ಅದೇ ಸದ್ದು ತೊಟ್ ತೊಟ್ ಅಂತ ಮೆತ್ತಗಾಗಿರುತ್ತದೆ.

ಆ ಬಕೆಟ್ಟಿನಲ್ಲಿ ಇರುವುದಕ್ಕೆ ಏನನ್ನಬೇಕು? ಇದು ನನ್ನ ಮೊದಲ ಪ್ರಶ್ನೆ.

‘ರಸ’ ಅಂದರೆ ಹಿಂಡಿ ತೆಗೆದದ್ದು ಅನ್ನುವ ಭಾವ ನನಗೆ. ಕಬ್ಬಿನ ರಸ, ನಿಂಬೆ ರಸ. ಇಲ್ಲಿ ಹಿಂಡುವುದೇ ಇಲ್ಲ. ‘ಸೊನೆ’ ಅಂದರೆ ಮಾವಿನಕಾಯಿ ತೊಟ್ಟು ಮುರಿದಾಗ ಬರುವುದು, ತುಟಿಗೆ ತಾಗಿದರೆ ಹುಣ್ಣಾಗುವುದು. ಅದನ್ನು ಕುಡಿ ಅಂತ ಯಾವ ಮಗುವಿಗೆ ಹೇಳೋಣ! ‘ಮೇಣ’, ‘ಅಂಟು’ ಎರಡೂ ಕೈಗೆ ಹತ್ತುವಂಥವು. ಮೇಪಲ್‌ನಿಂದ ಬರುವುದು ನೋಡಲು ಶುದ್ಧ ನೀರೇ. ಸಕ್ಕರೆ ಇರುವುದು ನೂರಕ್ಕೆ ಎರಡು ಪಾಲು. ಬಾಯಿಗೆ ಹಾಕಿದಾಗ ಬರೀ ತಣ್ಣಗೆ. ನುಂಗಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಒಂದು ಚೂರು ಸಿಹಿ ಉಳಿದಿರುತ್ತದೆ.

ಹಾಗಾಗಿ ‘ಮೇಪಲ್ ನೀರು’ ಅನ್ನೋಣ ಅನ್ನಿಸಿತು. ಸಿಹಿ ಇದ್ದರೂ ಎಳನೀರನ್ನು ನಾವು ನೀರು ಅಂತಲೇ ಕರೆದೆವಲ್ವಾ? ನಮ್ಮ ಗಡಿಯಾಚೆಯ ಕ್ವಿಬೆಕ್‌ನ ಫ್ರೆಂಚ್ ಮಾತಿನವರೂ ಇದನ್ನು ‘ಓ ದೇರಾಬ್ಲ್’ ಅನ್ನುತ್ತಾರೆ. ಮೇಪಲ್ ನೀರು ಅಂತಲೇ ಅರ್ಥ. ಜಗತ್ತಿನ ಮೇಪಲ್ ಸಿರಪ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡುವ ಜನ ಅವರು. ಅವರ ಕಣ್ಣಿಗೂ ನೀರಾಗಿಯೇ ಕಂಡಿದೆ ಅನ್ನುವುದು ನನಗೆ ದೊಡ್ಡ ಧೈರ್ಯ.

ಕ್ರಿಯಾಪದಕ್ಕೆ ‘ಇಳಿಸು’ ಸಾಕು ಅಂದುಕೊಂಡಿದ್ದೇನೆ. ತಾಳೆ, ತೆಂಗಿನ ಮರದಿಂದ ನೀರಾ ಇಳಿಸುತ್ತಾರೆ, ಹೆಂಡ ಇಳಿಸುತ್ತಾರೆ, ಹಾಗೇ ಮೇಪಲ್ ನೀರು ಇಳಿಸುವುದು. ಇಲ್ಲಿ ಮರ ಹತ್ತುವುದಿಲ್ಲ ನಿಜ. ಆದರೂ ಹನಿ ಇಳಿಯುತ್ತದಲ್ಲ.

ಈಗ ದೊಡ್ಡ ತೊಡಕಿಗೆ ಬರುತ್ತೇನೆ. ಮೊದಲ ವರ್ಷ ಫೋನಿನಲ್ಲಿ ‘ಸಿರಪ್ ಮಾಡಿದೆ’ ಅಂದಾಗ ಅಮ್ಮ ಕೇಳಿದ್ದು, ‘ಯಾರಿಗೇ ಕೆಮ್ಮು?’ ನಮ್ಮ ಕಿವಿಗೆ ಸಿರಪ್ ಅಂದರೆ ಔಷಧಿಯೇ. ಮೂಲಕ್ಕೆ ಹೋದರೆ ಅದು ಅರಬ್ಬಿಯ ‘ಶರಾಬ್’, ಕುಡಿಯುವಂಥದ್ದು ಅಂತ ಅರ್ಥ. ನಮ್ಮ ಶರಬತ್ತು, ಶರಾಬು ಎರಡೂ ಅದೇ ಬೇರಿನವು. ಒಂದೇ ಬೇರಿನ ಮೂರು ಪದ ನಮ್ಮಲ್ಲಿದ್ದೂ ಒಂದೂ ಇಲ್ಲಿ ಹೊಂದುವುದಿಲ್ಲ.

‘ಪಾಕ’ ಅಂದುಬಿಡಬಹುದು. ಸುಮಾರು ವರ್ಷ ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಪಾಕಕ್ಕೆ ನೀರಿಗೆ ಸಕ್ಕರೆ ಹಾಕುತ್ತೇವೆ. ಇಲ್ಲಿ ಏನನ್ನೂ ಹಾಕುವುದಿಲ್ಲ, ನೀರನ್ನು ತೆಗೆಯುತ್ತೇವೆ. 40 ಲೀಟರ್ ಕಾಯಿಸಿದರೆ ಸಿಗುವುದು ಒಂದು ಲೀಟರ್. ಉಳಿದದ್ದೆಲ್ಲ ಆವಿ. ಅದಕ್ಕೇ ಮನೆಯೊಳಗೆ ಕಾಯಿಸದೆ ಅಂಗಳದಲ್ಲಿ ಕಲ್ಲಿಟ್ಟು ಒಲೆ ಹೂಡುತ್ತೇವೆ. ಬೆಳಿಗ್ಗೆ ಹಚ್ಚಿದ ಬೆಂಕಿ ಕತ್ತಲಾದರೂ ಉರಿಯುತ್ತಿರುತ್ತದೆ. ಕೊನೆಯಲ್ಲಿ ನೊರೆ ದಿಢೀರನೆ ಉಕ್ಕಿ ಬರುತ್ತದೆ. ಒಂದು ಚೂರು ಬೆಣ್ಣೆ ಹಾಕಿದರೆ ಹಾಗೇ ಕುಸಿಯುತ್ತದೆ. ನೀರು ಕುದಿಯುವುದಕ್ಕಿಂತ ಸುಮಾರು 4 ಡಿಗ್ರಿ ಜಾಸ್ತಿ, ಅಂದರೆ 104 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹದ ಬಂತು. ಸೌಟು ಎತ್ತಿದರೆ ಹನಿಹನಿಯಾಗಿ ಬೀಳದೆ ಅಂಚಿನಲ್ಲಿ ಕೂಡಿಕೊಂಡು ತೆಳ್ಳಗೆ ಹಾಳೆಯ ಹಾಗೆ ಜಾರುತ್ತದೆ. ನಮ್ಮ ಲೆಕ್ಕದಲ್ಲಿ ಒಂದೆಳೆ ಪಾಕಕ್ಕೂ ಮೊದಲಿನ ಹದ. ಹೋದ ವರ್ಷ ನಾನು ಎಳೆ ಬರಲಿ ಅಂತ ಕಾದೆ. ವಾರದಲ್ಲಿ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆಯಂಥ ಹರಳು ಕಟ್ಟಿತು.

ಕಳೆದ ಬೇಸಿಗೆಗೆ ಅಮ್ಮ ಬಂದಿದ್ದರು. ಸಾಗರದ ಕಡೆಯವರು. ದೋಸೆಯ ಮೇಲೆ ಒಂದು ಚಮಚ ಹಾಕಿಕೊಟ್ಟೆ. ಬಾಯಿಗಿಟ್ಟವರೇ, ‘ಇದು ಜೋನಿ ಅಲ್ವೇನೇ? ಮರದ ಜೋನಿ!’ ಅಂದರು. ಅಂದಿನಿಂದ ಮನೆಯಲ್ಲಿ ಅದೇ ಹೆಸರು.

ಜೋನಿ ಅಂದರೆ ನಮ್ಮ ಮಲೆನಾಡಿನ ಮಂದವಾದ ದ್ರವ ಬೆಲ್ಲ. ಅದನ್ನು ಕಬ್ಬಿನ ಹಾಲು ಕಾಯಿಸಿ, ಗಟ್ಟಿಯಾಗುವ ಮುಂಚೆ ಇಳಿಸುತ್ತಾರೆ. ಇಲ್ಲೂ ಅಷ್ಟೇ, ಇನ್ನೂ ಕಾಯಲು ಬಿಟ್ಟರೆ ಇದೂ ಬೆಲ್ಲವೇ ಆಗುತ್ತದೆ. ಕಾಕಂಬಿ ಇದಲ್ಲ. ಅದು ಸಕ್ಕರೆ ತೆಗೆದ ಮೇಲೆ ಉಳಿಯುವುದು. ಸೋಸಿದಾಗ ಸಿಗುವ ಮರಳಿನಂಥ ಕೆಸರಿಗೆ ತುಪ್ಪದ ‘ಗಸಿ’ಯನ್ನೇ ತಂದುಕೊಂಡಿದ್ದೇನೆ. ಕಾಯಿಸುವ ಜಾಗಕ್ಕೆ ಮಾತ್ರ ‘ಆಲೆಮನೆ’ ಅನ್ನಲು ಮನಸ್ಸು ಬರುತ್ತಿಲ್ಲ. ಆಲೆ ಅಂದರೆ ಕಬ್ಬು ಅರೆಯುವ ಗಾಣ, ಅದು ಇಲ್ಲಿಲ್ಲ.

ಬಳಗದಲ್ಲಿ ಕೇಳಬೇಕಾದದ್ದು ಇಷ್ಟು. ‘ಜೋನಿ’ಯನ್ನು ಕಬ್ಬಿನದ್ದಲ್ಲದ ಬೇರೆ ಯಾವುದಕ್ಕಾದರೂ ನಿಮ್ಮ ಕಡೆ ಬಳಸುತ್ತಾರೆಯೇ? ಮಲೆನಾಡಿನ ಆಚೆ ಈ ಪದ ಅರ್ಥವಾಗುತ್ತದೆಯೇ? ಮಂಡ್ಯದವರು, ಬೆಳಗಾವಿಯವರು ಅದಕ್ಕೇ ಬೇರೆ ಏನನ್ನುತ್ತಾರೆ? ಎಲ್ಲಕ್ಕಿಂತ ಮುಖ್ಯವಾಗಿ, ನೀರಾ ಕಾಯಿಸಿ ತಾಳೆ ಬೆಲ್ಲ ಮಾಡುವ ಮನೆಯವರು ಯಾರಾದರೂ ಇದ್ದರೆ, ನೀರಾ ಇನ್ನೂ ಬೆಲ್ಲವಾಗದೆ ಮಂದವಾಗಿ ನಿಂತ ಆ ನಡುವಿನ ಹದಕ್ಕೆ ನಿಮ್ಮ ಹಿರಿಯರು ಏನನ್ನುತ್ತಿದ್ದರು ಕೇಳಿ ತಿಳಿಸಿ. ಮರದಿಂದಿಳಿದ ಸಿಹಿಗೆ ಸರಿಯಾದ ಪದ ಅವರ ಬಾಯಲ್ಲೇ ಇರಬೇಕು.

ಮಕ್ಕಳು ಬರುವುದು ಮಾರ್ಚ್ ಮೂರನೆಯ ಭಾನುವಾರ. ಅಷ್ಟರೊಳಗೆ ತಿಳಿದರೆ ಅವರಿಗೆ ಕೊಡುವ ಬಾಟಲಿಗಳ ಚೀಟಿಯ ಮೇಲೆ ಆ ಪದವನ್ನೇ ಬರೆಯುತ್ತೇನೆ.