ಒಂದೇ ಅಳತೆಯ ಡಿಸ್ಕುಗಳಿದ್ದರೂ ಎರಡು ರೈಡ್‌ಗಳಲ್ಲಿ ಜಾಗ ಬೇರೆ ಬೇರೆ ಏಕೆ?

ಪ್ರಶ್ನೆ (ಬದಿಯಡ್ಕದಿಂದ): ಸರ್, ನಮ್ಮ ಸ್ಟುಡಿಯೋದಲ್ಲಿ ಯಕ್ಷಗಾನ, ತಾಳಮದ್ದಳೆಗಳ ವೀಡಿಯೊಗಳನ್ನು ಕಾಪಿಡಲು ಎರಡು ಲಿನಕ್ಸ್ ಕಂಪ್ಯೂಟರುಗಳಿದ್ದು, ಎರಡರಲ್ಲೂ 4 ಟೆರಾಬೈಟಿನ ನಾಲ್ಕು ಡಿಸ್ಕುಗಳ ಸಾಫ್ಟ್‌ವೇರ್ ರೈಡ್ 5 (ಹಲವು ಡಿಸ್ಕುಗಳನ್ನು ಒಂದೇ ಡಿಸ್ಕಿನಂತೆ ಜೋಡಿಸುವ ವ್ಯವಸ್ಥೆ) ಇದೆ. ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮ) ಇರುವ ಮೊದಲನೆಯದು ಒಟ್ಟು 11 ಟಿ ಎನ್ನುತ್ತದೆ. ಆದರೆ ಬಳಸಿದ್ದನ್ನೂ ಉಳಿದದ್ದನ್ನೂ ಕೂಡಿಸಿದರೆ ಸುಮಾರು ಅರ್ಧ ಟಿ ಕಡಿಮೆ ಬೀಳುತ್ತದೆ. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್ ಇರುವ ಎರಡನೆಯದರಲ್ಲಿ ಹಿಂದೆ 3 ಟೆರಾಬೈಟಿನ ಡಿಸ್ಕುಗಳಿದ್ದವು. ಅವನ್ನು ಒಂದೊಂದಾಗಿ ಬದಲಾಯಿಸಿದ ಮೇಲೂ 8.2 ಟಿ ಎಂದೇ ಕಾಣುತ್ತಿದೆ. ಡಿಸ್ಕು ಕೆಟ್ಟಿರಬಹುದೇ?

ಉತ್ತರ: ರೈಡ್ 5ರಲ್ಲಿ ಒಂದು ಡಿಸ್ಕು ಕೈಕೊಟ್ಟರೂ ಒಟ್ಟು ಅಳತೆ ಬದಲಾಗುವುದಿಲ್ಲವಾದ್ದರಿಂದ ಜಾಗದ ಲೆಕ್ಕದಿಂದ ಡಿಸ್ಕಿನ ಆರೋಗ್ಯ ತಿಳಿಯದು. ಅದಕ್ಕೆ ರೈಡ್‌ನ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಕಡತದಲ್ಲಿ, ಸರಿಯಿರುವ ಡಿಸ್ಕಿಗೊಂದರಂತೆ, ನಾಲ್ಕು ‘ಯು’ಗಳಿವೆಯೇ ಎಂದು ನೋಡಿ.

ಡಿಸ್ಕಿನ ಮೇಲೆ ಅಚ್ಚಾದ 4 ಟೆರಾಬೈಟ್ ಸಾವಿರದ ಲೆಕ್ಕದ್ದು. ಕಂಪ್ಯೂಟರು ತೋರಿಸುವ ‘ಟಿ’ 1024ರ ಲೆಕ್ಕದ್ದು. ಆ ಲೆಕ್ಕದಲ್ಲಿ ಡಿಸ್ಕೊಂದು 3.64 ಆಗುತ್ತದೆ, ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ (ಕೆಟ್ಟ ಡಿಸ್ಕಿನ ಮಾಹಿತಿಯನ್ನು ಮರಳಿ ಪಡೆಯಲು ಬೇಕಾದ ಲೆಕ್ಕಕ್ಕೆ) ಹೋಗಿ ಮೂರರದ್ದು 10.9 ಉಳಿಯುತ್ತದೆ. ಇಎಕ್ಸ್‌ಟಿ4 ಅದರಲ್ಲಿ ಶೇಕಡಾ 5ನ್ನು ರೂಟ್ ಬಳಕೆದಾರನಿಗೆಂದು (ಕಂಪ್ಯೂಟರಿನ ನಿರ್ವಾಹಕನಿಗೆಂದು) ಕಾದಿರಿಸುತ್ತದೆ. ನಿಮ್ಮ ಅರ್ಧ ಟಿ ಅದೇ. ಬರೀ ವೀಡಿಯೊ ಇಡುವಲ್ಲಿ ಅಷ್ಟು ಬೇಕಿಲ್ಲ, ಟ್ಯೂನ್‌ಟುಎಫ್‌ಎಸ್ ಎಂಬ ಆದೇಶದಿಂದ ಶೇಕಡಾ 1ಕ್ಕೆ ಇಳಿಸಬಹುದು.

ಎರಡನೆಯದರ 8.2 ಎಂಬುದು 2.73ರ ಮೂರು ಪಟ್ಟು, ಅಂದರೆ ಹಳೆಯ ಡಿಸ್ಕುಗಳ ಲೆಕ್ಕವೇ ಉಳಿದುಕೊಂಡಿದೆ. ದೊಡ್ಡ ಡಿಸ್ಕು ಹಾಕಿದ ಮಾತ್ರಕ್ಕೆ ರೈಡ್ ತಾನಾಗಿ ಹಿಗ್ಗದು. ರೈಡ್ ನಿರ್ವಹಿಸುವ ಎಂಡಿಎಡಿಎಂ ಎಂಬ ಆದೇಶದ ಗ್ರೋ ಆಯ್ಕೆಯಲ್ಲಿ ಸೈಜನ್ನು ಮ್ಯಾಕ್ಸ್ ಎಂದು ಕೊಟ್ಟು, ಬಳಿಕ ಫೈಲ್‌ಸಿಸ್ಟಮ್ಮನ್ನೂ ಹಿಗ್ಗಿಸಬೇಕು. ರೈಟ್ ಇಂಟೆಂಟ್ ಬಿಟ್‌ಮ್ಯಾಪ್ (ಬರಹ ನಡೆಯುತ್ತಿರುವ ಜಾಗಗಳ ಗುರುತುಪಟ್ಟಿ) ಇದ್ದರೆ ಮೊದಲು ಅದನ್ನು ತೆಗೆಯಿರಿ. ಅದಕ್ಕೂ ಮುನ್ನ ಒಂದು ಮಾತು ತಿಳಿಸಿ: ಹೊಸ ಡಿಸ್ಕುಗಳ ಪಾರ್ಟಿಷನ್ (ಡಿಸ್ಕಿನಲ್ಲಿ ರೈಡ್‌ಗೆಂದು ಗುರುತಿಸಿದ ಭಾಗ) ಎಷ್ಟು ದೊಡ್ಡದಿದೆ?

ಪ್ರಶ್ನೆ: ಹಳೆಯ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನೇ ಹೊಸದಕ್ಕೆ ನಕಲು ಮಾಡಿದ್ದೆವು ಸರ್. ನಾಲ್ಕರಲ್ಲೂ 2.73 ಎಂದಿದೆ. ಮೆಟಾಡೇಟಾದ (ರೈಡ್ ತನ್ನ ಬಗ್ಗೆ ಡಿಸ್ಕಿನಲ್ಲಿ ಬರೆದಿಡುವ ವಿವರದ) ಆವೃತ್ತಿ 1.2.

ಉತ್ತರ: ಹಾಗಿದ್ದರೆ ಈಗ ಗ್ರೋ ಕೊಟ್ಟರೂ ಏನೂ ಆಗದು, ಏಕೆಂದರೆ ರೈಡ್‌ಗೆ ಕಾಣುವುದು ಪಾರ್ಟಿಷನ್ನೇ ಹೊರತು ಇಡೀ ಡಿಸ್ಕಲ್ಲ. ಆವೃತ್ತಿ 1.2ರಲ್ಲಿ ಮೆಟಾಡೇಟಾ ಪಾರ್ಟಿಷನ್ನಿನ ಆರಂಭದಲ್ಲಿರುವುದರಿಂದ ಅದರ ಕೊನೆಯನ್ನು ಮುಂದಕ್ಕೆ ಸರಿಸಬಹುದು. ಆರಂಭವನ್ನು ಮಾತ್ರ ಮುಟ್ಟಬಾರದು. (0.90 ಅಥವಾ 1.0 ಆಗಿದ್ದರೆ ಮೆಟಾಡೇಟಾ ಕೊನೆಯಲ್ಲಿರುತ್ತದೆ, ಆಗ ಈ ದಾರಿ ಅಪಾಯಕಾರಿ.) ವೀಡಿಯೊಗಳ ಇನ್ನೊಂದು ಪ್ರತಿ ಬೇರೆಡೆ ಇದೆಯೆಂದು ಖಚಿತಪಡಿಸಿಕೊಂಡು, ರೈಡ್ ನಿಲ್ಲಿಸಿ, ನಾಲ್ಕೂ ಪಾರ್ಟಿಷನ್ ಹಿಗ್ಗಿಸಿ, ಡಿವೈಸ್‌ಸೈಜ್ ಅಪ್‌ಡೇಟ್ ಎಂಬ ಆಯ್ಕೆಯೊಂದಿಗೆ ಮತ್ತೆ ಜೋಡಿಸಿ, ಆಮೇಲೆ ಗ್ರೋ ಕೊಡಿ. ಹೊಸ ಭಾಗದ ಸಿಂಕ್ (ಪ್ಯಾರಿಟಿ ಹೊಂದಾಣಿಕೆ) ಮುಗಿದ ನಂತರ ಎಕ್ಸ್‌ಎಫ್‌ಎಸ್ಸನ್ನು ಹಿಗ್ಗಿಸಿದರೆ ಅಲ್ಲಿಯೂ 11 ಟಿ ಕಾಣಿಸುತ್ತದೆ.